ಕಲ್ಲಿನ ನಾಡಿ

ಲೋಲೆನ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಗುಡ್ಡದ ಈಚೆಗೂ ಆಚೆಗೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಈ ಎರಡು ತಿಂಗಳಿಂದ ಆ ಕೋಪ ಮೂಗಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬಾಯಿ ಬೈಯುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು, ಎದೆ ಮಾತ್ರ ಬಿಸಿಲಿಗೆ ಮಲಗಿದ ಕುರಿಯ ಹಾಗೆ ಮೆಲುಕು ಹಾಕುತ್ತಿತ್ತು. ಎಷ್ಟು ಬೈದರೂ ಬೈದ ತೃಪ್ತಿಯಿಲ್ಲ. ಐವತ್ತೆಂಟು ವರ್ಷ ಮೈತುಂಬ ಸಿಟ್ಟು ಮಾಡಿಕೊಂಡು ಬದುಕಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆಯೇ?

ಎಲ್ಲ ಆ ಬಿಳಿ ಮಾತ್ರೆಯ ಕಿತಾಪತಿ. ಎರಡು ತಿಂಗಳ ಹಿಂದೆ ಉಣ್ಣೆಯ ಮೂಟೆ ಹೊತ್ತು ಗುಡ್ಡ ಹತ್ತುವಾಗ ಅವಳು ದಾರಿಯಲ್ಲೇ ಕುಸಿದಿದ್ದಳು. ಎದೆಯೊಳಗೆ ಹಕ್ಕಿಯೊಂದು ಸಿಕ್ಕಿಕೊಂಡು ಒದ್ದಾಡಿದಂತಾಗುವುದು ಒಂದೆರಡು ವರ್ಷದಿಂದ ಇದ್ದದ್ದೇ. ಅವತ್ತು ಆ ಹಕ್ಕಿ ಪಂಜರವನ್ನೇ ಮುರಿಯಲು ಹೊರಟಿತ್ತು. ಸೊಸೆ ವೆರುಶ್ ಅವಳನ್ನು ಎಬ್ಬಿಸಿ ಕೆಳಗಿನ ದವಾಖಾನೆಗೆ ಕರೆದೊಯ್ದಳು. ಅಲ್ಲಿ ಒಂದು ವರ್ಷದ ಸೇವೆಗೆಂದು ಬಂದಿದ್ದ ಹುಡುಗಿ ಡಾಕ್ಟರು, ಗುಡ್ಡದವರ ಮಾತು ಒಂದಕ್ಷರ ಬಾರದವಳು, ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ವೆರುಶ್ ತಿರುಗಿಸಿ ಹೇಳಿದಳು. ಎದೆ ನಿಮಿಷಕ್ಕೆ ನೂರಮೂವತ್ತು ಸಲ ಹೊಡೆದುಕೊಳ್ಳುತ್ತಿದೆ. ಈ ಮಾತ್ರೆ ಅದಕ್ಕೆ ಲಗಾಮು ಹಾಕುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಏನೇ ಆದರೂ ಒಮ್ಮೆಲೇ ನಿಲ್ಲಿಸಬಾರದು; ನಿಲ್ಲಿಸಿದರೆ ಕುದುರೆ ಲಗಾಮು ಹರಿದುಕೊಂಡು ಮೊದಲಿಗಿಂತ ಜೋರಾಗಿ ಓಡುತ್ತದೆ.

ಮಾತ್ರೆ ಹೇಳಿದ ಕೆಲಸ ಮಾಡಿತು. ನೂರಮೂವತ್ತನ್ನು ಅರವತ್ತಕ್ಕೆ ಇಳಿಸಿ ಕೂರಿಸಿತು. ಜೊತೆಗೆ ಹೇಳದ ಕೆಲಸಗಳನ್ನೂ ಮಾಡಿತು. ಒರತೆಯಿಂದ ಕೊಡ ಹೊತ್ತು ಒಂದೇ ಉಸಿರಿಗೆ ಮೇಲೆ ಬರುತ್ತಿದ್ದವಳು ಈಗ ಎರಡು ಕಡೆ ಕೂತು ಬರಬೇಕು. ಏರು ಎಷ್ಟೇ ಕಡಿದಾಗಿರಲಿ, ಎದೆ ತನ್ನ ಪಾಡಿಗೆ ತಾನು ನಡೆಯುತ್ತದೆ, ಕಾಲಿಗೆ ಬೇಕಾದ ಕಸುವು ಕಳಿಸುವುದೇ ಇಲ್ಲ. ಒಲೆಯ ಪಕ್ಕದಲ್ಲೇ ಕೂತರೂ ಬೆರಳುಗಳು ತಣ್ಣಗೆ. ತಟ್ಟನೆ ಎದ್ದರೆ ಮನೆ ಒಂದು ಸುತ್ತು ತಿರುಗುತ್ತದೆ. ಕಣ್ಣು ಮುಚ್ಚಿದರೆ ಸತ್ತ ಅವ್ವ, ಸತ್ತ ನಾಯಿ ಎಲ್ಲ ಬಂದು ಕನಸಿನಲ್ಲಿ ಸಂತೆ ನೆರೆಯುತ್ತವೆ.

"ಬಾಯಿ ತೆಗೀರಿ ಅತ್ತೆ," ಎಂದು ವೆರುಶ್ ಪ್ರತಿ ಬೆಳಿಗ್ಗೆ ಎದುರಿಗೆ ಬಂದು ನಿಲ್ಲುತ್ತಿದ್ದಳು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಮುಸುಕಿನ ಜೋಳದ ಗಂಜಿ.

"ನಾನೇನು ಕುರಿಮರೀನಾ? ಅಲ್ಲಿಟ್ಟು ಹೋಗು."

"ಇಟ್ಟು ಹೋದ್ರೆ ಏನಾಗತ್ತೆ ಅಂತ ಗೊತ್ತು. ಮೊನ್ನೆ ಕೋಳಿಗೆ ಹಾಕಿದ್ರಿ. ಪಾಪ, ಅದು ಇನ್ನೂ ಮೂಲೆ ಬಿಟ್ಟು ಎದ್ದಿಲ್ಲ."

"ಅದೇ ನೋಡು ಮತ್ತೆ! ಕೋಳಿಗೇ ಆ ಗತಿ ಆದ್ಮೇಲೆ ನಂದೇನು? ಮೊಟ್ಟೆ ಇಡೋ ಕೋಳಿ ಅದು. ನಾನೂ ಕೆಲಸ ಮಾಡೋ ಹೆಂಗಸು."

"ಬದುಕಿರೋ ಹೆಂಗಸು. ಬಾಯಿ ತೆಗೀರಿ."

ಬೈಯುತ್ತಲೇ ನುಂಗುತ್ತಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಇಲ್ಲಿ ಮಾತ್ರೆ ಮೇಲಿನ ಕೋಪವೆಲ್ಲ ಸೊಸೆಯ ಮೇಲೆ.

ದಣಿವನ್ನು ಹೇಗೋ ತಾಳಿಕೊಂಡಾಳು. ಅವಳ ಹೊಟ್ಟೆ ಉರಿದದ್ದು ಬೆರಳುಗಳಿಗಾಗಿ. ಲೋಲೆನ್ ಇಲೋಲ್ ಆಗಿದ್ದಳು. ಇಲೋಲ್ ಎಂದರೆ ನೋಡುವವಳು, ಆದರೆ ನೋಡುವುದು ಕಣ್ಣಿನಿಂದಲ್ಲ. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ರಕ್ತದ ಮಾತಿಗೆ ಕಾಯುತ್ತ ಕೂರಬೇಕು. ಮನುಷ್ಯನ ಬಾಯಿ ಸುಳ್ಳಾಡುತ್ತದೆ, ರಕ್ತ ಆಡುವುದಿಲ್ಲ. ಬೆದರಿದಾಗ ಮೈಯಿಂದ ಜಾರಿದ ಜೀವ ಎಲ್ಲಿ ಬಿದ್ದುಹೋಯಿತು ಎಂದು ತಿಳಿಯಬೇಕಾದರೆ ಒಂದೊಂದೇ ಜಾಗದ ಹೆಸರು ಹೇಳುತ್ತ ಹೋಗಬೇಕು. ಒರತೆಯ ಹತ್ತಿರವೋ? ತಿರುವಿನ ಶಿಲುಬೆಯ ಹತ್ತಿರವೋ? ಸರಿಯಾದ ಹೆಸರು ಬಂದಾಗ ರಕ್ತ ಬೆರಳಿನ ಕೆಳಗೆ ಜಿಗಿಯುತ್ತದೆ. ಯಾರ ಹೊಟ್ಟೆಕಿಚ್ಚು ತಾಗಿದೆ ಎಂದು ತಿಳಿಯುವುದಕ್ಕೂ ಅದೇ ದಾರಿ. ಹೆಸರು ಹೇಳು, ಕಾಯಿ, ಜಿಗಿಯಿತೋ ನೋಡು.

ನಲವತ್ತು ವರ್ಷ ಊರಿನ ರಕ್ತವೆಲ್ಲ ಅವಳ ಬೆರಳಿನ ಕೆಳಗೆ ಜಿಗಿದಿತ್ತು. ಮಾತ್ರೆ ಶುರುವಾದಂದಿನಿಂದ ಯಾರ ರಕ್ತವೂ ತುಟಿ ಪಿಟಕ್ಕೆನ್ನುತ್ತಿಲ್ಲ. ಯಾವ ಹೆಸರು ಹೇಳಿದರೂ ಒಂದೇ ನಡಿಗೆ, ಒಂದೇ ಸಮ. ಊರಿಗೆ ಊರೇ ಮೂಕವಾದ ಹಾಗೆ. ಬರುವವರು ಕಡಿಮೆಯಾದರು. ಬಂದವರೂ ಅವಳ ಕೈ ತಾಗಿದೊಡನೆ, "ಅಯ್ಯೋ, ಎಷ್ಟು ತಣ್ಣಗಿದೆ!" ಎಂದು ಕೈ ಎಳೆದುಕೊಳ್ಳುತ್ತಿದ್ದರು. ಜೀವ ಉಳಿಸುತ್ತೇನೆಂದು ಹೇಳಿ ಬದುಕನ್ನೇ ಕಿತ್ತುಕೊಂಡ ಮಾತ್ರೆಯನ್ನು ಅವಳು ಶಪಿಸದ ದಿನವಿರಲಿಲ್ಲ.

ಇಂಥ ಹೊತ್ತಿನಲ್ಲಿ, ಊರಿನ ಉಳಿದವರಂತೆ ಅವಳನ್ನು ದೊಡ್ಡಮ್ಮ ಎನ್ನುವ ಪಾಲಾಸ್ ಬಂದ. ಅವನ ಬೆನ್ನ ಮೇಲೆ ಆರು ವರ್ಷದ ಮಗಳು ತೋನಿಕ್ ಕಂಬಳಿಯೊಳಗೆ ಕೆಮ್ಮುತ್ತಿದ್ದಳು.

ಪಾಲಾಸ್ ಬಂದದ್ದೇ ಲೋಲೆನ್‌ಗೆ ಹೋದ ವರ್ಷದ ಕಥೆ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು, ಮರೆತಿದ್ದರಲ್ಲವೇ ನೆನಪಾಗುವುದು.

ಶುಂಕಾ ಅವಳ ಒಡಹುಟ್ಟಿದ ತಂಗಿ. ಇಲೋಲ್ ಆಗುವುದು ಯಾರಿಂದಲೋ ಕಲಿತಲ್ಲ. ಗುಡ್ಡದೊಳಗಿನ ಹಿರಿಯರು ಕನಸಿನಲ್ಲಿ ಕರೆದು ಕೊಡಬೇಕು. ಲೋಲೆನ್‌ಗೆ ಹದಿನೇಳರಲ್ಲಿ ಆ ಕನಸು ಬಿತ್ತು. ಪಕ್ಕದಲ್ಲೇ ಮಲಗಿದ್ದ ಶುಂಕಾ ಬೆಳಿಗ್ಗೆ ಒರತೆಯ ಹತ್ತಿರ ಎಲ್ಲ ಹೆಂಗಸರ ಮುಂದೆ, "ಕನಸೂ ಇಲ್ಲ ಮಣ್ಣೂ ಇಲ್ಲ, ಹಸಿ ಪೀಚುಕಾಯಿ ತಿಂದು ರಾತ್ರಿಯಿಡೀ ಹೊಟ್ಟೆ ಹಿಡ್ಕೊಂಡು ಹೊರಳಾಡಿದ್ಲು," ಎಂದು ಬಿದ್ದು ಬಿದ್ದು ನಕ್ಕಿದ್ದಳು. ಅವತ್ತಿನಿಂದ ಲೋಲೆನ್ ಹಸಿ ಪೀಚಿನ ಇಲೋಲ್. ನಲವತ್ತೊಂದು ವರ್ಷವಾದರೂ ಬೆನ್ನ ಹಿಂದೆ ಯಾರಾದರೂ ಹಾಗೆಂದು ಕಿಸಕ್ಕೆನ್ನುತ್ತಾರೆ. ಹೆತ್ತ ಅವ್ವ ಸತ್ತಾಗಲೂ ಅಕ್ಕತಂಗಿಯರು ಹೆಣದ ಆಚೆಗೊಬ್ಬಳು ಈಚೆಗೊಬ್ಬಳು ಕೂತು ಅತ್ತಿದ್ದರು, ಒಂದು ಮಾತಾಡಿರಲಿಲ್ಲ.

ಹೋದ ವರ್ಷ ತೋನಿಕ್‌ಗೆ ಎಂಟು ದಿನ ಜ್ವರ ಬಿಡಲಿಲ್ಲ. ಪಾಲಾಸ್ ಮಗುವನ್ನು ಇದೇ ಒಲೆಯ ಮುಂದೆ ಮಲಗಿಸಿದ. ಲೋಲೆನ್ ಜಾಗಗಳ ಹೆಸರು ಹೇಳಿದಳು, ರಕ್ತ ಸುಮ್ಮನಿತ್ತು. ಜನರ ಹೆಸರು ಹೇಳಿದಳು, ಸುಮ್ಮನಿತ್ತು. ಶುಂಕಾ ಎಂದಳು. ಬೆರಳಿನ ಕೆಳಗೆ ರಕ್ತ ಬೇಲಿ ಹಾರುವ ಟಗರಿನ ಹಾಗೆ ನೆಗೆಯಿತು. ಮೂರು ಸಲ ಹೇಳಿದಳು, ಮೂರು ಸಲವೂ ನೆಗೆಯಿತು. ರಕ್ತ ಹೇಳಿದ್ದನ್ನು ಮುಚ್ಚಿಡುವಂತಿಲ್ಲ. ಹೇಳಿಬಿಟ್ಟಳು.

ಮಕ್ಕಳಿಲ್ಲದ ವಿಧವೆ ಶುಂಕಾ, ತೋನಿಕ್‌ಳನ್ನು ಕಂಡಾಗಲೆಲ್ಲ ಎತ್ತಿ ಆಡಿಸುತ್ತಿದ್ದಳು. ಎತ್ತಿ ಆಡಿಸಿದ್ದೇ ಅವಳ ಮೇಲೆ ಸಾಕ್ಷಿಯಾಯಿತು. ಪಾಲಾಸ್ ಹತ್ತು ಗಂಡಸರನ್ನು ಕಟ್ಟಿಕೊಂಡು ಹೋಗಿ ಅವಳ ಮನೆಯ ಹೆಂಚು ಇಳಿಸಿದ, ಕೋಸಿನ ಮಡಿ ತುಳಿಸಿದ, ಊರು ಬಿಡಲು ಮೂರು ದಿನ ಕೊಟ್ಟ. ಊರಿನಿಂದ ಅಟ್ಟಿಸಿಕೊಂಡವರೆಲ್ಲ ನಗರದ ಅಂಚಿನಲ್ಲಿ ಹಲಗೆ ಮನೆ ಕಟ್ಟಿಕೊಂಡು ಇರುತ್ತಾರೆ. ಅವಳೂ ಅಲ್ಲಿಗೆ ಹೋದಳು. ಹೋಗುವಾಗ ಅಕ್ಕನ ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ನಾಡಿ ನೋಡು ಅಕ್ಕ," ಎಂದಳು. ಅಷ್ಟೇ. ಲೋಲೆನ್ ಬೆನ್ನು ತಿರುಗಿಸಿ ಒಲೆ ಊದಿದಳು. ಅವಳು ಹೋದ ಹತ್ತನೇ ದಿನ ಮಗು ಎದ್ದು ಆಡಿತು. ಇನ್ನೇನು ಪುರಾವೆ ಬೇಕು? ತಂಗಿ ಬಿಟ್ಟುಹೋದ ಮೂರು ಕುರಿಗಳನ್ನು ಲೋಲೆನ್ ತನ್ನ ಹಟ್ಟಿಗೆ ಹೊಡೆದುಕೊಂಡು ಬಂದಳು. ಕುರಿಗಳೇನು ಪಾಪ ಮಾಡಿದ್ದವು?

"ಮತ್ತೆ ಶುರುವಾಗಿದೆ ದೊಡ್ಡಮ್ಮ," ಎಂದ ಪಾಲಾಸ್. ಮಗುವನ್ನು ಚಾಪೆಯ ಮೇಲೆ ಇಳಿಸಿದ. "ನಾಕು ದಿನ ಆಯ್ತು. ಅವಳದ್ದೇ ಕೆಲಸ. ಅಲ್ಲಿ ಕೂತ್ಕೊಂಡೇ ಕಣ್ಣು ಹಾಕ್ತಿದಾಳೆ."

"ಅವಳದ್ದೇ ಅಂತ ನಿನಗೆ ಹೇಳಿದ್ಯಾರು? ಇಲೋಲ್ ನೀನೋ ನಾನೋ?"

"ನೀನೇ. ಅದಕ್ಕೇ ಬಂದಿದ್ದು. ನೀನು ಹೂಂ ಅನ್ನು, ಸಾಕು. ಅವಳ ಹಲಗೆ ಮನೆ ಎಲ್ಲಿದೆ ಅಂತ ನೋಡ್ಕೊಂಡು ಬಂದಿದೀನಿ. ಈ ಸಲ ಹೆಂಚು ಕಿತ್ತು ವಾಪಸ್ ಬರಲ್ಲ ದೊಡ್ಡಮ್ಮ. ಸೀಮೆಎಣ್ಣೆ ತಗೊಂಡೇ ಹೋಗೋದು."

ಲೋಲೆನ್ ಗಂಜಿಯ ಬಟ್ಟಲು ತಬ್ಬಿ ಬೆರಳು ಕಾಯಿಸಿಕೊಂಡಳು. ಮಗುವಿನ ಮಣಿಕಟ್ಟು ಹಿಡಿದಳು. ಸಣ್ಣ ರಕ್ತ, ಬಿಸಿ ರಕ್ತ, ಸರಸರನೆ ಓಡುತ್ತಿತ್ತು. ಜಾಗಗಳ ಹೆಸರಾಯಿತು. ಜನರ ಹೆಸರಾಯಿತು. ಕೊನೆಗೆ ಶುಂಕಾ ಎಂದಳು. ರಕ್ತ ಅದೇ ಓಟದಲ್ಲಿ ಓಡುತ್ತಿತ್ತು, ಆ ಹೆಸರನ್ನು ಜನ್ಮದಲ್ಲಿ ಕೇಳಿಲ್ಲವೆಂಬಂತೆ. ಇನ್ನೊಮ್ಮೆ ಎಂದಳು. ಇಲ್ಲ.

"ಇವತ್ತಾಗಲ್ಲ. ನಾಡಿದ್ದು ಬಾ."

ಪಾಲಾಸ್ ಮುಖ ಓರೆ ಮಾಡಿದ. "ಊರಲ್ಲಿ ಅಂದ್ಕೊಳ್ಳೋದು ನಿಜಾನೇ ಹಾಗಾದ್ರೆ. ಮಾತ್ರೆ ತಿಂದು ದೊಡ್ಡಮ್ಮನ ಬೆರಳು ಸತ್ತೋಗಿವೆ ಅಂತ."

"ನಾಲಿಗೆ ಸತ್ತಿಲ್ಲ ಕಣೋ! ಇನ್ನೊಂದು ಮಾತಾಡಿದ್ರೆ ನಿನ್ನ ಹೆಸರೇ ಹೇಳ್ತೀನಿ ಹುಷಾರ್! ನಡಿ ಆಚೆ!"

ಅವನು ಹೋದ ಮೇಲೆ ವೆರುಶ್ ಬಾಗಿಲಿಗೆ ಅಡ್ಡ ನಿಂತಳು. "ಅತ್ತೆ, ಆ ಕೆಮ್ಮು ಕೇಳಿಸ್ಕೊಂಡ್ರಾ? ಪಕ್ಕೆ ಒಳಗೆ ಹೋಗ್ತಿದೆ ಮಗೂಗೆ. ಅದಕ್ಕೆ ಬೇಕಾಗಿರೋದು ದವಾಖಾನೆ."

"ಎಲ್ಲದಕ್ಕೂ ನಿನಗೆ ದವಾಖಾನೆ! ನನ್ನ ಕೈ ಕಡಿದು ಮೂಲೆಗೆ ಹಾಕಿದ್ದೂ ಅದೇ ದವಾಖಾನೆ."

"ಕೈ ಅಲ್ಲೇ ಇದೆ. ಬೈಯೋವಾಗ ಚೆನ್ನಾಗೇ ಆಡಿಸ್ತೀರಿ."

ಆ ಸಂಜೆ ವೆರುಶ್ ಕೊಟ್ಟ ಮಾತ್ರೆಯನ್ನು ಲೋಲೆನ್ ನಾಲಿಗೆಯ ಕೆಳಗೆ ಅಡಗಿಸಿಕೊಂಡು, ಗಂಜಿ ಕುಡಿದು, ಸೊಸೆ ಹಿತ್ತಲಿಗೆ ಹೋದ ಮೇಲೆ ಒಲೆಯ ಬೂದಿಗೆ ಉಗಿದಳು. ಮರುದಿನ ಬೆಳಿಗ್ಗೆ, ಸಂಜೆ, ಅದರ ಮರುದಿನ ಬೆಳಿಗ್ಗೆ, ಎಲ್ಲ ಬೂದಿಗೇ. ಲಗಾಮು ಹರಿದ ಕುದುರೆ ಎಂದಿದ್ದಳಲ್ಲ ಡಾಕ್ಟರು, ಓಡಲಿ, ಓಡದ ಕುದುರೆ ಯಾರಿಗೆ ಬೇಕು?

ಕುದುರೆ ಓಡಿತು. ಎರಡನೆಯ ದಿನ ಕತ್ತಿನ ನರ ಕಿವಿಯವರೆಗೆ ದಡದಡ ಎನ್ನುತ್ತಿತ್ತು. ಬೆರಳುಗಳು ಬೆಚ್ಚಗಾಗಿದ್ದವು. ಜೋಳದ ಕುಕ್ಕೆಗೆ ಬಾಯಿ ಹಾಕಿದ ಪಕ್ಕದ ಮನೆಯ ನಾಯಿಯನ್ನು ಅವಳು ಅಟ್ಟಿಸಿಕೊಂಡು ಹೋಗಿ ಅದರ ಏಳು ತಲೆಮಾರು ಜಾಲಾಡಿದಾಗ ಸಿಟ್ಟು ನೆತ್ತಿಯಿಂದ ಅಂಗಾಲಿನವರೆಗೆ ಹರಿಯಿತು. ಎರಡು ತಿಂಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದ ಹಾಗಾಯಿತು ಅವಳಿಗೆ.

ಪಾಲಾಸ್ ಹೇಳಿದ ಹೊತ್ತಿಗೆ ಬಂದ. ಮೇಣದಬತ್ತಿ, ಕಬ್ಬಿನ ಸಾರಾಯಿಯ ಸಣ್ಣ ಸೀಸೆ ತಂದಿದ್ದ. ಇನ್ನೊಂದನ್ನೂ ತಂದಿದ್ದ, ಅದನ್ನು ಹೊಸ್ತಿಲ ಆಚೆ ಇಟ್ಟ. ಲೋಲೆನ್‌ಗೆ ಸೀಮೆಎಣ್ಣೆಯ ವಾಸನೆ ಬಂತು. ಇಲ್ಲಿಂದ ಎದ್ದು ನೆಟ್ಟಗೆ ವ್ಯಾನು ಹತ್ತುವವನಿದ್ದ. ಮಗು ಉಸಿರೆಳೆದಾಗೆಲ್ಲ ಅದರ ಪಕ್ಕೆಗೂಡು ಒಳಕ್ಕೆ ಎಳೆದುಕೊಳ್ಳುತ್ತಿತ್ತು.

ಮೇಣದಬತ್ತಿ ಹೊತ್ತಿಸಿ, ಮಣಿಕಟ್ಟು ಹಿಡಿದಳು. ಓಹ್, ಇದು ಬೆರಳು! ಇದು ರಕ್ತ! ಎಂಥ ಸದ್ದು, ಎಂಥ ಬಡಿತ! ಒರತೆ ಎಂದಳು, ಶಿಲುಬೆ ಎಂದಳು. ಬಡಿತ ಬಡಿಯುತ್ತಲೇ ಇತ್ತು. ಶುಂಕಾ ಎಂದಳು.

ನೆಗೆಯಿತು.

ಗೆದ್ದೆ ಎಂದುಕೊಂಡಳು. ಆ ಕ್ಷಣದಲ್ಲೇ ಅವಳಿಗೆ ಇನ್ನೊಂದೂ ಗೊತ್ತಾಯಿತು. ಬೆರಳಿನ ಕೆಳಗೆ ನೆಗೆದಾಗಲೇ ಅವಳ ಎದೆಯೊಳಗೂ ನೆಗೆದಿತ್ತು. ಎರಡೂ ಒಟ್ಟಿಗೆ, ಕೂದಲೆಳೆಯಷ್ಟು ಹಿಂದುಮುಂದಿಲ್ಲದೆ. ತೊರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವನಿಗೆ ತೊರೆಯ ಸದ್ದು ಕೇಳಿಸುವುದಿಲ್ಲ. ಎರಡು ತಿಂಗಳು ತೊರೆ ನಿಂತಿತ್ತು. ಅದಕ್ಕೇ ಇವತ್ತು ಹರಿದಾಗ ಕಿವಿಗೆ ಬಿತ್ತು.

ಇನ್ನೊಮ್ಮೆ ಶುಂಕಾ ಎಂದಳು. ಇಲ್ಲೂ ನೆಗೆಯಿತು, ಅಲ್ಲೂ ನೆಗೆಯಿತು.

ಅವಳು ಮಗುವಿನ ಕೈಯನ್ನು ಮೆಲ್ಲಗೆ ಕಂಬಳಿಯೊಳಗೆ ಇಟ್ಟಳು. ಪಕ್ಕದಲ್ಲಿ ಜೋಳ ಅರೆಯುವ ಕಲ್ಲಿತ್ತು, ಅವ್ವನ ಕಾಲದ್ದು, ನಡುವೆ ಸವೆದು ತಗ್ಗಾದದ್ದು. ಅದರ ಅಂಚಿನ ಮೇಲೆ ಮೂರು ಬೆರಳು ಒತ್ತಿ, ಉಸಿರು ಹಿಡಿದು ಕೂತಳು. ಕಲ್ಲಿನಲ್ಲಿ ನಾಡಿ ಬಡಿಯುತ್ತಿತ್ತು. ದಡ, ದಡ, ದಡ. ಸೊಸೆಯ ಹೆಸರು ಹೇಳಿದಳು, ಕಲ್ಲು ತನ್ನ ನಡಿಗೆ ಬದಲಿಸಲಿಲ್ಲ. ತಿರುವಿನ ಶಿಲುಬೆ ಎಂದಳು, ಇಲ್ಲ. ಹಸಿ ಪೀಚು ಕಣ್ಣ ಮುಂದೆ ಬಂತು, ಒರತೆಯ ಹತ್ತಿರದ ಆ ನಗು ಬಂತು. ಶುಂಕಾ ಎಂದಳು.

ಕಲ್ಲು ನೆಗೆಯಿತು.

ಕಲ್ಲಿಗೆಲ್ಲಿಯ ರಕ್ತ? ಕಲ್ಲಿಗೆಲ್ಲಿಯ ಹೊಟ್ಟೆಕಿಚ್ಚು? ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ. ಲೋಲೆನ್ ಬಿದ್ದದ್ದು ಬಚ್ಚಲಿಗಲ್ಲ; ಬಚ್ಚಲಾದರೆ ತೊಳೆದುಕೊಂಡು ಏಳಬಹುದು. ಹೋದ ವರ್ಷ ತಂಗಿಯ ಹೆಂಚು ಇಳಿಸಿದ್ದು ಅವಳ ಈ ಹಾಳು ಎದೆ.

"ಏನು ದೊಡ್ಡಮ್ಮ, ಕಲ್ಲು ಮುಟ್ಕೊಂಡು ಕೂತ್ಬಿಟ್ಟೆ? ಜಿಗೀಲಿಲ್ವಾ?"

"ಜಿಗೀತು."

ಪಾಲಾಸ್ ಎದ್ದೇ ಬಿಟ್ಟ. "ನಾನು ಹೇಳ್ಲಿಲ್ವಾ!"

"ಕೂತ್ಕೋ! ಜಿಗಿದಿದ್ದು ಮಗು ರಕ್ತ ಅಲ್ಲ. ನಂದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಅವನ ಕೈಯನ್ನು ಎಳೆದು ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ತಂಗಿಯ ಹೆಸರು ಹೇಳಿದಳು. ಪಾಲಾಸ್ ಬಿಸಿ ತಾಗಿದವನಂತೆ ಕೈ ಹಿಂದಕ್ಕೆ ತೆಗೆದ.

"ನನ್ನ ಬೆರಳ ತುದೀಲಿ ನನ್ನ ಎದೇನೇ ಹೊಡ್ಕೊಂಡಿದ್ದು ಕಣೋ. ಅವಳ ಹೆಸರು ಬಂದ್ರೆ ನನಗೆ ಮೈಯೆಲ್ಲ ಉರಿಯತ್ತೆ. ಆ ಉರೀನ ನಾನು ನಿನ್ನ ಮಗೂ ಬಾಯಿಗೆ ಹಾಕ್ದೆ."

"ಹಾಗಾದ್ರೆ ಹೋದ ವರ್ಷ?"

"ಹೋದ ವರ್ಷಾನೂ ನಂದೇ."

ಪಾಲಾಸ್ ದನಿ ತಗ್ಗಿಸಿದ. "ಈ ಮಾತು ಇಲ್ಲೇ ಹೂತ್ಬಿಡೋಣ ದೊಡ್ಡಮ್ಮ. ಆ ಹೆಂಚು ಇಳಿಸಿದ್ದು ನನ್ನ ಕೈ. ಹತ್ತು ಜನ ನನ್ನ ಮಾತು ನಂಬಿ ಬಂದವ್ರು. ನಾಳೆ ನಾನು ಯಾವ ಮುಖ ತೋರಿಸ್ಲಿ? ನೀನು ಬೇರೆ ಯಾರ ಹೆಸರಾದ್ರೂ ನೋಡು. ಮೇಲಿನ ಮನೆ ರೋಮಿನ್‌ದು ಹೇಳು. ಅವನಿಗೂ ನನಗೂ ಹೇಗೂ ಆಗಲ್ಲ."

ಲೋಲೆನ್ ಎದ್ದಳು. ಎದ್ದ ರಭಸಕ್ಕೆ ಮೇಣದಬತ್ತಿ ಉರುಳಿತು. ಹೊಸ್ತಿಲು ದಾಟಿ ಆ ಸೀಮೆಎಣ್ಣೆಯ ಡಬ್ಬಕ್ಕೆ ಜಾಡಿಸಿ ಒದ್ದಳು. ಅದು ಅಂಗಳದುದ್ದಕ್ಕೂ ಗಡಗಡ ಉರುಳಿ, ಗುಳುಗುಳು ಎಂದು ಮಣ್ಣಿಗೆ ಕಕ್ಕಿತು.

"ಥೂ ನಿನ್ನ ಮುಖಕ್ಕೆ! ನಿನಗೆ ಆಗದೋರ ಹೆಸರು ಓದೋಕೆ ನನ್ನ ಬೆರಳು ಬೇಕೇನೋ? ನಾನು ನನಗೆ ಆಗದವಳ ಹೆಸರು ಓದಿದ್ದೇ ಸಾಲ್ದಾ? ಅಲ್ಲಿ ಮಗು ಉಸಿರಾಡೋಕೆ ಆಗದೆ ಸಾಯ್ತಿದೆ, ನಾನೊಬ್ಳು ಮುದಿಗೂಬೆ ಹೆಸರು ಎಣಿಸ್ಕೊಂಡು ಕೂತಿದೀನಿ, ನೀನೊಬ್ಬ ಬೆಂಕಿಪೊಟ್ಣ ಹಿಡ್ಕೊಂಡು ನಿಂತಿದೀಯ! ಎತ್ಕೋ ಮಗೂನ! ಎತ್ಕೋ ಅಂದೆ!"

ಅಷ್ಟರಲ್ಲಿ ಅವಳ ಕಣ್ಣು ಕತ್ತಲಿಟ್ಟಿತು. ಎದೆಯೊಳಗಿನದ್ದು ಈಗ ಹಕ್ಕಿಯಲ್ಲ, ಕುದುರೆಯಲ್ಲ, ಏನೆಂದು ಹೇಳಲೂ ಉಸಿರು ಉಳಿದಿರಲಿಲ್ಲ. ಕಂಬ ಹಿಡಿದು ಕುಸಿದಳು. ವೆರುಶ್ ಓಡಿ ಬಂದಳು, ಅತ್ತೆಯ ಕತ್ತು ಮುಟ್ಟಿ ನೋಡಿದಳು, ಒಲೆಯ ಬೂದಿ ಕೆದಕಿ ಅರ್ಧ ಕರಗಿದ ಬಿಳಿ ಚೂರುಗಳನ್ನು ಕಂಡಳು. ಡಬ್ಬಿಯಿಂದ ಮಾತ್ರೆ ತೆಗೆದಳು. ಅವಳು ಹೇಳುವ ಮೊದಲೇ ಲೋಲೆನ್ ಬಾಯಿ ತೆಗೆದಿದ್ದಳು.

ದವಾಖಾನೆಯ ಒಂದೇ ಬೆಂಚಿನ ಮೇಲೆ ಮಗುವಿಗೆ ಒಂದು ತುದಿ, ಅವಳಿಗೆ ಇನ್ನೊಂದು ತುದಿ. ಮಗುವಿನ ಶ್ವಾಸಕೋಶದಲ್ಲಿ ನಂಜಾಗಿತ್ತು. ಸೂಜಿ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು, ಆರನೇ ದಿನಕ್ಕೆ ಉಳಿಯಿತು ಎಂದು ಸುದ್ದಿ ಬಂತು. ಹುಡುಗಿ ಡಾಕ್ಟರು ಲೋಲೆನ್‌ಗೆ ಸ್ಪ್ಯಾನಿಷ್‌ನಲ್ಲಿ ಬಹಳ ಹೊತ್ತು ಬೈದಳು. ವೆರುಶ್ ಅದನ್ನೆಲ್ಲ ಒಂದೇ ಮಾತಿಗೆ ಇಳಿಸಿದಳು: "ಇನ್ನೊಂದ್ಸಲ ಬೂದಿಗೆ ಉಗಿದ್ರೆ ನಿಮ್ಮನ್ನೇ ಮಣ್ಣಿಗೆ ಹಾಕ್ಬೇಕಾಗತ್ತಂತೆ."

ಏಳನೆಯ ದಿನ ಲೋಲೆನ್ ತಂಗಿಯ ಮೂರು ಕುರಿಗಳಲ್ಲಿ ಕಪ್ಪನೆಯದಕ್ಕೆ ಹಗ್ಗ ಕಟ್ಟಿ ನಗರದ ವ್ಯಾನು ಹತ್ತಿದಳು. ಕುರಿಗೆ ಜಾಗವಿಲ್ಲ ಎಂದ ಚಾಲಕನಿಗೆ, "ನಿನಗಿಂತ ಅದಕ್ಕೆ ವಾಸನೆ ಕಮ್ಮಿ," ಎಂದು ಬಾಯಿ ಮುಚ್ಚಿಸಿದಳು. ವ್ಯಾನಿನಲ್ಲಿ ಕೂತು ಆಡಬೇಕಾದ ಮಾತು ಕಟ್ಟುತ್ತ ಹೋದಳು. ಎದೆ ಅರವತ್ತರ ಲೆಕ್ಕದಲ್ಲಿ ಆರಾಮವಾಗಿ ನಡೆಯುತ್ತಿತ್ತು.

ಶುಂಕಾ ಮಾರುಕಟ್ಟೆಯ ಹೊರಗೋಡೆಗೆ ಒರಗಿ ಬೇಯಿಸಿದ ಜೋಳದ ತೆನೆ ಮಾರುತ್ತಿದ್ದಳು. ಒಂದು ವರ್ಷದಲ್ಲಿ ಹತ್ತು ವರ್ಷ ಮುದಿಯಾಗಿದ್ದಳು. ಅಕ್ಕನನ್ನು ಕಂಡು ಏಳಲಿಲ್ಲ.

"ಓಹೋ, ಇಲೋಲ್ ತಾಯಿ ಇಷ್ಟು ದೂರ? ಈ ಸಲ ಯಾರ ಮಗು?"

"ಪಾಲಾಸ್‌ನ ಮಗೂನೇ. ಹುಷಾರಾಗಿದೆ." ಲೋಲೆನ್ ಹಗ್ಗ ಬಿಡದೆ, ಕೂರದೆ, ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ಸುಮ್ಮನೆ ನಡೆದದ್ದನ್ನು ಹೇಳಿದಳು. ಮಾತ್ರೆ, ಬೂದಿ, ಕಲ್ಲು, ಎಲ್ಲ. "ಅವತ್ತು ನೆಗೆದಿದ್ದು ನಂದು ಶುಂಕಾ. ಮಗೂದಲ್ಲ. ನಾನು ತಪ್ಪು ಹೇಳ್ದೆ. ನಿನ್ನ ಮನೆ ಹಾಳ್ಮಾಡ್ದೆ."

ಶುಂಕಾ ತೆನೆಯ ಬುಟ್ಟಿಗೆ ಬಟ್ಟೆ ಮುಚ್ಚಿದಳು. "ಕೈ ಕೊಡಿಲ್ಲಿ."

ಮೂರು ಬೆರಳು ಇಲೋಲ್‌ಳ ಹಾಗೇ ಜೋಡಿಸಿ ಅಕ್ಕನ ಮಣಿಕಟ್ಟಿನ ಮೇಲಿಟ್ಟಳು. ಮುಖ ಹತ್ತಿರ ತಂದು ತನ್ನದೇ ಹೆಸರು ಹೇಳಿದಳು. "ಶುಂಕಾ." ಕಾದಳು. "ಶುಂಕಾ. ಹಸಿ ಪೀಚು. ಹೊಟ್ಟೆನೋವು." ಕಾದಳು. "ಏನೂ ಇಲ್ವಲ್ಲೇ! ಸತ್ತ ಕೋಳಿ ಕಾಲು ಹಿಡ್ಕೊಂಡ ಹಾಗಿದೆ."

"ಬೆಳಿಗ್ಗೆ ಮಾತ್ರೆ ನುಂಗಿದೀನಿ."

ಶುಂಕಾಳ ಬೆರಳುಗಳು ಅಲ್ಲೇ ಬಿಗಿದುಕೊಂಡವು. ಉಗುರು ಒಳಗಿಳಿಯಿತು. "ಅಂದ್ರೆ ಈಗ ನನ್ನ ಮುಂದೆ ನಿಂತು ತಪ್ಪಾಯ್ತು ಅಂದ್ಯಲ್ಲ, ಆವಾಗ್ಲೂ ನಿನ್ನೆದೆ ಹೊಡ್ಕೊಳ್ಳಲಿಲ್ಲ. ಅಷ್ಟು ಆರಾಮಾಗಿ ಹೇಳ್ದೆ. ನಾನು ಒಂದು ವರ್ಷ ಹೊಡ್ಕೊಂಡಿದೀನಿ ಅಕ್ಕ. ಮಾತ್ರೆ ಗೀತ್ರೆ ಏನೂ ಇಲ್ದೆ. ನಾಯಿ ಬೊಗಳಿದ್ರೆ ಪಾಲಾಸ್ ಬಂದ, ಗಾಳಿಗೆ ಹಲಗೆ ಅಲ್ಲಾಡಿದ್ರೆ ಪಾಲಾಸ್ ಬಂದ. ಆ ಮಗೂನ ನಾನು ಎತ್ತಿ ಆಡಿಸಿದ್ದು ಕಣೇ!"

"ಹೊಡ್ಕೊಳ್ಳಲಿಲ್ಲ ಅಂದ್ರೆ ಒಳಗೆ ಇಲ್ಲ ಅಂತಲ್ಲ. ಒಳಗೆ ಇದೆ."

"ನಿನ್ನ ಒಳಗಿಂದು ಕಟ್ಕೊಂಡು ನನಗೇನಾಗ್ಬೇಕು? ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರತ್ತಾ? ಭಾನುವಾರ ಒರತೆ ಹತ್ರ ನಾನು ಬರ್ತೀನಿ. ಎಲ್ಲ ಹೆಂಗಸರೂ ಇರ್ತಾರೆ. ಪಾಲಾಸ್‌ನೂ ಕರ್ಸು, ಆ ಹತ್ತು ಗಂಡಸರನ್ನೂ ಕರ್ಸು. ನಾನು ಎಲ್ಲಿ ನಿಂತು ನಕ್ಕಿದ್ನೋ ಅಲ್ಲೇ ನಿಂತು ಇದನ್ನೆಲ್ಲ ಹೇಳು. ಆಮೇಲೆ, ನಾನು ಹಸಿ ಪೀಚಿನ ಇಲೋಲ್ ಅಂತ ನಿನ್ನ ಬಾಯಾರೆ ಹೇಳು."

ಲೋಲೆನ್‌ಳ ಕೋಪ ಗಂಟಲಿನವರೆಗೆ ಬಂತು. ಮೂಗಿನ ಹೊಳ್ಳೆ ಅರಳಿತು, ಕಿವಿ ಬಿಸಿಯಾಯಿತು. ಎದೆಗೆ ಇಳಿಯಲಿಲ್ಲ. ಇಳಿಯದ ಕೋಪದ ಪಕ್ಕದಲ್ಲೇ ಇನ್ನೊಂದಿತ್ತು, ಅದಕ್ಕೆ ಅವಳ ಹತ್ತಿರ ಬೈಗುಳವಿರಲಿಲ್ಲ. ಎದುರಿಗೆ ತಂಗಿಯ ಉಗುರು ಇನ್ನೂ ಅವಳ ಮಣಿಕಟ್ಟಿನಲ್ಲೇ ಇತ್ತು. ಹತ್ತು ಹೆಂಗಸರು ನಕ್ಕ ಜಾಗದಲ್ಲಿ ಊರೆಲ್ಲ ನಗುತ್ತದೆ. ಆಮೇಲೆ ಅವಳ ಬೆರಳಿನ ಕೆಳಗೆ ಯಾರೂ ಕೈ ಇಡುವುದಿಲ್ಲ.

"ಹೇಳ್ತೀನಿ," ಎಂದಳು. "ಆದ್ರೆ ಅವತ್ತೂ ಮಾತ್ರೆ ನುಂಗೇ ಬರೋದು. ಬಿಟ್ರೆ ಸಾಯ್ತೀನಿ ಅಂದಿದಾಳೆ ಡಾಕ್ಟರು."

"ನುಂಗು, ನುಂಗು!" ಶುಂಕಾ ಅಕ್ಕನ ಕೈಯನ್ನು ಎಸೆದ ಹಾಗೆ ಬಿಟ್ಟು, ಕುರಿಯ ಹಗ್ಗ ಕಿತ್ತುಕೊಂಡಳು. "ತಪ್ಪದೆ ನುಂಗು. ಅದನ್ನ ಹೇಳೋಕೆ ಮುಂಚೆ ಸತ್ತುಗಿತ್ತೀಯ ನೀನು!"